ಮರೈನ್ ಟ್ಯಾಂಕಿನ ಮೀನಿಗೆ ಏನಾಗಿದೆ? ಔಷಧದ ಬಾಟಲಿ ಬಿಚ್ಚುವ ಮುಂಚೆ ಪತ್ತೆ ಹಚ್ಚುವ ಕ್ರಮ

"ಸರ, ಕ್ಲೌನ್ ಮೀನಿನ ಮೈಮ್ಯಾಲ ಬೆಳ್ಳಗ ಬಂದದ, ಯಾವ ಎಣ್ಣಿ ಹಾಕ್ಲಿ?"

ಕಲಬುರಗಿ, ಬೀದರ, ಯಾದಗಿರಿ ಕಡೆಯ ಉಪ್ಪುನೀರಿನ ಟ್ಯಾಂಕಿನವರು ಕೇಳುವ ಪ್ರಶ್ನೆ ಹೆಚ್ಚಾಗಿ ಇದೇ. ಇದಕ್ಕೆ ಉತ್ತರ ಕೊಡಲು ಆಗುವುದಿಲ್ಲ. ಮೈಮೇಲೆ ಬೆಳ್ಳಗೆ ಕಾಣಿಸುವ ಕಾಯಿಲೆಗಳು ಐದಾರು ಇವೆ. ಒಂದಕ್ಕೆ ತಾಮ್ರದ ಔಷಧ, ಇನ್ನೊಂದಕ್ಕೆ ಫಾರ್ಮಾಲಿನ್, ಮತ್ತೊಂದಕ್ಕೆ ಜಂತುಹುಳುವಿನ ಔಷಧ, ಮಗದೊಂದಕ್ಕೆ ಏನೂ ಬೇಡ. ಒಂದರ ಔಷಧ ಇನ್ನೊಂದಕ್ಕೆ ಹಾಕಿದರೆ ಕಾಯಿಲೆಗೆ ಮೊದಲು ಔಷಧವೇ ಮೀನನ್ನು ಮುಗಿಸುತ್ತದೆ.

ಆದ್ದರಿಂದ ಇಲ್ಲಿ ಔಷಧಕ್ಕಿಂತ ಪತ್ತೆಗೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಮೊದಲು ನೀರು, ಆಮೇಲೆ ಉಸಿರು, ಆಮೇಲೆ ನಡವಳಿಕೆ, ಕೊನೆಗೆ ಚರ್ಮ. ಈ ಸಾಲನ್ನು ಹಿಂದುಮುಂದು ಮಾಡಬೇಡಿ. ಕಣ್ಣಿಗೆ ಮೊದಲು ಬೀಳುವುದು ಚರ್ಮವಾದ್ದರಿಂದ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಬೇಗ ಕೊಲ್ಲುವ ಕಾಯಿಲೆಗಳಾದರೋ ಮೊದಲು ಹೊಕ್ಕುವುದು ಕಿವಿರಿಗೆ. ಚರ್ಮದ ಮೇಲೆ ಗುರುತು ಕಾಣುವ ಹೊತ್ತಿಗೆ ಅರ್ಧ ಸಮಯ ಕಳೆದಿರುತ್ತದೆ.

## ಮೊದಲೇ ಮನೆಯಲ್ಲಿ ಇರಬೇಕಾದ ಸಾಮಾನು

ಸಿಹಿನೀರಿನ ಮೀನಿನ ಸಾಮಾನು ನಮ್ಮ ಊರಿನ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತದೆ. ಮರೈನ್ ಸಾಮಾನನ್ನು ಸಾಮಾನ್ಯವಾಗಿ ಹೈದರಾಬಾದ್, ಬೆಂಗಳೂರು ಅಥವಾ ಮುಂಬೈಯಿಂದ ತರಿಸಬೇಕು. ಮೀನು ಮಲಗಿದ ಮೇಲೆ ಆರ್ಡರ್ ಹಾಕಿದರೆ ಪಾರ್ಸೆಲ್ ಬರುವಷ್ಟರಲ್ಲಿ ಮೀನು ಉಳಿದಿರುವುದು ಅನುಮಾನ.

ನೀರಿನ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್ ಮತ್ತು ಅದನ್ನು ಸರಿಹೊಂದಿಸುವ 35 ಪಿಪಿಟಿ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು) ದ್ರಾವಣ. ಉಪ್ಪುನೀರಿಗೆ ಹೊಂದುವ ಅಮೋನಿಯಾ, ನೈಟ್ರೈಟ್, ಪಿಎಚ್ ಟೆಸ್ಟ್ ಕಿಟ್. ಹನಿ ಹಾಕಿ ಬಣ್ಣ ನೋಡುವ ಕಿಟ್ ಬೇಕು, ಕಾಗದದ ಪಟ್ಟಿಯನ್ನು ನಂಬಬೇಡಿ. ಹೀಟರಿನ ಮೇಲೆ ಬರುವ ಅಂಕಿಯ ಹೊರತಾಗಿ ಬೇರೆಯೇ ಒಂದು ಥರ್ಮಾಮೀಟರ್. ಬಿಳಿ ಬೆಳಕಿನ ಟಾರ್ಚ್, ನಿಧಾನಗತಿ ವಿಡಿಯೋ ತೆಗೆಯುವ ಮೊಬೈಲ್, ಪಾರದರ್ಶಕ ಡಬ್ಬಿ. ಬ್ಯಾಟರಿಯ ಏರ್ ಪಂಪ್.

ಇವೆಲ್ಲಕ್ಕಿಂತ ಮುಖ್ಯವಾದದ್ದು 40ರಿಂದ 60 ಲೀಟರಿನ ಒಂದು ಖಾಲಿ ಗಾಜಿನ ಟ್ಯಾಂಕ್. ಅದರಲ್ಲಿ ಸ್ಪಂಜ್ ಫಿಲ್ಟರ್, ಹೀಟರ್, ಅಡಗಲು ಎರಡು ಪಿವಿಸಿ ಪೈಪ್ ತುಂಡು ಇದ್ದರೆ ಸಾಕು. ಮರಳು, ಕಲ್ಲು ಬೇಡ. ಸ್ಪಂಜನ್ನು ಸದಾ ದೊಡ್ಡ ಟ್ಯಾಂಕಿನ ಸಂಪಿನಲ್ಲಿ (ಅದರ ಫಿಲ್ಟರ್ ತೊಟ್ಟಿಯಲ್ಲಿ) ಇಟ್ಟಿರಿ, ಅಮೋನಿಯಾ ಅರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ಕೂತಿರುತ್ತದೆ. ಈ ಟ್ಯಾಂಕ್ ಇಲ್ಲದವರು ಎಷ್ಟು ಸರಿಯಾಗಿ ರೋಗ ಗುರುತಿಸಿದರೂ ಚಿಕಿತ್ಸೆ ಕೊಡಲು ಜಾಗವಿಲ್ಲದೆ ಕೈಚೆಲ್ಲುತ್ತಾರೆ.

## ಹಂತ 1: ಎಷ್ಟು ಮೀನಿಗೆ, ಯಾವಾಗಿನಿಂದ?

ಟ್ಯಾಂಕಿಗೆ ಕೈ ಹಾಕುವ ಮುಂಚೆ ಕುರ್ಚಿ ಎಳೆದುಕೊಂಡು ಹತ್ತು ನಿಮಿಷ ನೋಡಿ. ಜಾಲರಿ ಹಿಡಿದು ಬೆನ್ನಟ್ಟಬೇಡಿ. ಓಡಿಸಿದ ಮೀನು ಹೇಗಿದ್ದರೂ ಜೋರಾಗಿ ಉಸಿರಾಡುತ್ತದೆ, ಆಗ ಉಸಿರು, ನಡವಳಿಕೆ ನೋಡುವ ಹಂತ ಎರಡೂ ಕೆಟ್ಟವು.

ಎಲ್ಲ ಮೀನೂ ಕೆಲವೇ ಗಂಟೆಗಳಲ್ಲಿ ಒಟ್ಟಿಗೆ ಸೊರಗಿದರೆ ಅದು ನೀರಿನ ತೊಂದರೆ ಅಥವಾ ವಿಷ. ಒಂದರ ನಂತರ ಒಂದು, ದಿನಗಳ ಅಂತರದಲ್ಲಿ ಬಿದ್ದರೆ ಅಂಟುರೋಗ. ಒಂದೇ ಮೀನು ಸೊರಗಿ ಉಳಿದವು ಆರಾಮಾಗಿದ್ದರೆ ಜಗಳ, ಗಾಯ, ಹೊಟ್ಟೆಯ ತೊಂದರೆ ಅಥವಾ ಅಂಟುರೋಗದ ಮೊದಲ ದಿನ.

ಸೀಗಡಿ, ಶಂಖದ ಹುಳು, ಎನಿಮೋನ್ (ಹೂವಿನಂತೆ ಕಾಣುವ ಕಡಲ ಜೀವಿ) ಇದ್ದರೆ ಅವನ್ನೂ ನೋಡಿ. ಮೀನಿನ ಪರಾವಲಂಬಿಗಳು ಸೀಗಡಿಯನ್ನು ಮುಟ್ಟುವುದಿಲ್ಲ. ಮೀನು ತತ್ತರಿಸುತ್ತಿದೆ, ಸೀಗಡಿ ಕಲ್ಲಿನ ಮೇಲೆ ಎಂದಿನಂತೆ ಮೇಯುತ್ತಿದೆ ಎಂದರೆ ರೋಗದ ಕಡೆ ತಿರುಗಿ. ಸೀಗಡಿಯೂ ಬೋರಲು ಬಿದ್ದಿದ್ದರೆ ನೀರನ್ನೇ ಹಿಡಿಯಿರಿ.

ಆಮೇಲೆ ಕಳೆದ ಎರಡು ವಾರ ಮನೆಯಲ್ಲಿ ಏನೇನಾಯಿತು ಎಂದು ಬರೆಯಿರಿ. ಹೊಸ ಮೀನು ಬಂತೇ? ದೀಪಾವಳಿಗೆಂದು ಗೋಡೆಗೆ ಬಣ್ಣ ಹೊಡೆಸಿದಿರಾ? ಸೊಳ್ಳೆಗೆ ಸ್ಪ್ರೇ, ನೆಲಕ್ಕೆ ಫಿನಾಯಿಲ್, ಪೂಜೆಗೆ ಸಾಂಬ್ರಾಣಿ ಹೊಗೆ? ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ ಎಂಬುದು ಮನೆಮಂದಿಗೆ ಗೊತ್ತಿರುವುದಿಲ್ಲ. ಕೇಳಿದರೆ "ನಾವೇನೂ ಟ್ಯಾಂಕ್ ಮುಟ್ಟಿಲ್ಲ" ಅನ್ನುತ್ತಾರೆ, ಅದು ನಿಜವೇ. ಹಾಗಾಗಿ ಟ್ಯಾಂಕ್ ಮುಟ್ಟಿದಿರಾ ಎಂದು ಕೇಳಬೇಡಿ, ಈ ಕೋಣೆಯಲ್ಲಿ ಏನು ಹೊಡೆದಿರಿ ಎಂದು ಕೇಳಿ.

## ಹಂತ 2: ನೀರು

ಬೇಸಿಗೆಯಲ್ಲಿ ನಮ್ಮ ಕಡೆ "ರೋಗ" ಎಂದು ಬರುವ ಎಷ್ಟೋ ಪ್ರಕರಣಗಳು ಈ ಹಂತದಲ್ಲೇ ಮುಗಿಯುತ್ತವೆ. ಇಲ್ಲಿ ಅವಸರ ಬೇಡ.

ಉಷ್ಣತೆ. 24ರಿಂದ 27 ಡಿಗ್ರಿ ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ದಾಟಿದಾಗ, ಚಿಲ್ಲರ್ ಇಲ್ಲದ ಟ್ಯಾಂಕಿನ ನೀರು 31, 32ಕ್ಕೆ ಏರುವುದು ಸುಲಭ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ: 25 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 6.8 ಮಿಲಿಗ್ರಾಂ ಹಿಡಿದರೆ, 32 ಡಿಗ್ರಿಯಲ್ಲಿ ಸುಮಾರು 6 ಮಾತ್ರ. ಅದೇ ಹೊತ್ತಿಗೆ ಮೀನಿನ ದೇಹಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗುತ್ತದೆ. ಇದರ ಮೇಲೆ ಕರೆಂಟ್ ಹೋಗಿ, ನೀರಿನಲ್ಲಿ ಅಲೆ ಎಬ್ಬಿಸುವ ವೇವ್‌ಮೇಕರ್ ನಿಂತರೆ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಇದು ರೋಗವಲ್ಲ. ತಂಪು ಮಾಡಲು ಮಂಜುಗಡ್ಡೆಯನ್ನು ನೇರವಾಗಿ ಹಾಕಬೇಡಿ, ಅದು ಕರಗಿ ಉಪ್ಪಿನಂಶ ಇಳಿಯುತ್ತದೆ. ಮುಚ್ಚಿದ ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ತೇಲಿಬಿಡಿ. ಗಂಟೆಗೆ ಒಂದು ಡಿಗ್ರಿಗಿಂತ ಬೇಗ ಇಳಿಸಬೇಡಿ.

ಬೀದರಿನವರಿಗೆ ಉಲ್ಟಾ ತೊಂದರೆಯೂ ಇದೆ. ಡಿಸೆಂಬರ್, ಜನವರಿಯ ರಾತ್ರಿ ಅಲ್ಲಿ ಚಳಿ ಜೋರು. ಹಗಲು 26, ಬೆಳಗಿನ ಜಾವ 21 ಎಂದು ದಿನಾ ಏರಿಳಿದರೆ ಮೀನಿನ ರೋಗ ತಡೆಯುವ ಶಕ್ತಿ ಕುಂದುತ್ತದೆ. ಉಷ್ಣತೆಯನ್ನು ಬೆಳಗ್ಗೆ ಐದೂವರೆಗೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ನೋಡಿ. ಒಂದೇ ಹೊತ್ತಿನ ಅಂಕಿಯಿಂದ ಏನೂ ತಿಳಿಯದು.

ಉಪ್ಪಿನಂಶ. 35 ಪಿಪಿಟಿ, ಅಂದರೆ ಸಾಂದ್ರತೆಯಲ್ಲಿ ಹೆಚ್ಚುಕಡಿಮೆ 1.026. ನಮ್ಮ ಒಣ ಹವೆಯಲ್ಲಿ, ಅದರಲ್ಲೂ ಟ್ಯಾಂಕಿನ ಮೇಲೆ ಫ್ಯಾನ್ ತಿರುಗಿಸಿದರೆ, ನೀರು ಲೀಟರುಗಟ್ಟಲೆ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. 100 ಲೀಟರ್ ನೀರಿನಲ್ಲಿ 15 ಲೀಟರ್ ಹೋದರೆ 35 ಇದ್ದದ್ದು 41 ಆಗುತ್ತದೆ. ಕೊರತೆಯನ್ನು ಆರ್‌ಒ ಸಿಹಿನೀರಿನಿಂದ ತುಂಬಬೇಕು. ಉಪ್ಪುನೀರಿನಿಂದ ತುಂಬುವವರು ಪ್ರತಿ ಬೇಸಿಗೆಯೂ ಕಂಡುಬರುತ್ತಾರೆ. ಅವರ ಮೀನು ದಿನೇದಿನೇ ತೆಳ್ಳಗಾಗುತ್ತ, ಕಣ್ಣು ಮಸುಕಾಗುತ್ತ ಹೋಗುತ್ತದೆ.

ರಿಫ್ರಾಕ್ಟೋಮೀಟರನ್ನು ಆರ್‌ಒ ನೀರಿನಿಂದ ಸೊನ್ನೆಗೆ ತಂದು ಕೂಡಿಸುವುದು ಸಾಲದು. ನೀವು ಅಳೆಯುವುದು 35ರ ಆಸುಪಾಸು, ಆದ್ದರಿಂದ 35ರ ದ್ರಾವಣದಲ್ಲೇ ಕೂಡಿಸಿ. ಇನ್ನೊಂದು ವಿಷಯ: ಈ ಸಾಧನಗಳ ಉಷ್ಣತೆಯ ಹೊಂದಾಣಿಕೆ ಸಾಮಾನ್ಯವಾಗಿ 10ರಿಂದ 30 ಡಿಗ್ರಿಯವರೆಗೆ ಮಾತ್ರ. ಮೇ ತಿಂಗಳ ಮಧ್ಯಾಹ್ನ ಕೋಣೆಯೇ 37 ಇರುವಾಗ ಓದಿದ ಅಂಕಿಯನ್ನು ನಂಬಬಾರದು. ತಂಪಾದ ಕೋಣೆಯಲ್ಲಿ ಅರ್ಧ ಗಂಟೆ ಇಟ್ಟು, ಹನಿ ಹಾಕಿ, ಅರ್ಧ ನಿಮಿಷ ಬಿಟ್ಟು ಓದಿ.

ಅಮೋನಿಯಾ, ನೈಟ್ರೈಟ್. ಎರಡೂ ಸೊನ್ನೆ ಇರಬೇಕು. ಅಮೋನಿಯಾ ಸ್ವಲ್ಪ ಕಂಡರೂ ಅದೇ ಮೊದಲ ಶಂಕಿತ. ಪಿಎಚ್ 8.2ರ ನೀರಿನಲ್ಲಿ 25 ಡಿಗ್ರಿಗೆ ಹೋಲಿಸಿದರೆ 32 ಡಿಗ್ರಿಯಲ್ಲಿ ಅಮೋನಿಯಾದ ವಿಷಕಾರಿ ಭಾಗ ಸುಮಾರು ಒಂದೂವರೆ ಪಟ್ಟು ಹೆಚ್ಚು. ಚಳಿಗಾಲದಲ್ಲಿ ತಡೆದುಕೊಂಡ ಮೀನು ಬೇಸಿಗೆಯಲ್ಲಿ ಅದೇ ಅಂಕಿಗೆ ಸಾಯುತ್ತದೆ. ನೈಟ್ರೈಟ್ ಉಪ್ಪುನೀರಿನಲ್ಲಿ ಅಷ್ಟು ಕೊಲ್ಲುವುದಿಲ್ಲ, ಆದರೂ ಅದು ಕಂಡರೆ ಟ್ಯಾಂಕಿನ ಬ್ಯಾಕ್ಟೀರಿಯಾಕ್ಕೆ ಪೆಟ್ಟು ಬಿದ್ದಿದೆ ಎಂದರ್ಥ.

ಯಾವ ನೀರಿನಲ್ಲಿ ಉಪ್ಪು ಕಲಸಿದಿರಿ? ಬೋರ್‌ವೆಲ್ ನೀರಾದರೆ ತೊಂದರೆ ಅಲ್ಲೇ ಇದೆ, ಮುಂದಿನ ಪ್ರಶ್ನೆಯೇ ಬೇಡ. ಅಡುಗೆಮನೆಯ ಆರ್‌ಒ ಆದರೆ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣದ ಅಂಶ) ಅಳೆಯಿರಿ. ಕುಡಿಯುವ ನೀರಿಗೆ ರುಚಿ ಬರಲೆಂದು ಅಂಥ ಯಂತ್ರಗಳಲ್ಲಿ ಸ್ವಲ್ಪ ಕಚ್ಚಾ ನೀರು ಬೆರೆಸುವ ಅಥವಾ ಖನಿಜ ಸೇರಿಸುವ ವ್ಯವಸ್ಥೆ ಇರುತ್ತದೆ. ಸೊನ್ನೆಯ ಹತ್ತಿರ ಇರಬೇಕಾದದ್ದು 60, 80 ತೋರಿಸಿದರೆ ಅದೇ ಕಾರಣ.

ಅಂಕಿ ತಪ್ಪಿದ್ದರೆ ಇಲ್ಲಿಯೇ ನಿಲ್ಲಿ. ಉಪ್ಪು ಏರಿದ್ದರೆ ನಿಧಾನವಾಗಿ ಸಿಹಿನೀರು ಹಾಕಿ; ಕಡಿಮೆಯಾಗಿದ್ದರೆ ಇನ್ನೂ ನಿಧಾನವಾಗಿ ಏರಿಸಿ, ಏರಿಕೆಯನ್ನು ಮೀನು ಇಳಿಕೆಗಿಂತ ಕಡಿಮೆ ತಡೆಯುತ್ತದೆ. ಅಮೋನಿಯಾ ಇದ್ದರೆ ಅದೇ ಉಷ್ಣತೆ, ಅದೇ ಉಪ್ಪಿನ ಹೊಸ ನೀರಿನಿಂದ ಬದಲಿಸಿ. ಒಂದು ದಿನ ಕಳೆದ ಮೇಲೂ ಮೀನು ಚೇತರಿಸದಿದ್ದರೆ ಮುಂದಿನ ಹಂತ ಹಿಡಿಯಿರಿ. ಆದರೆ ಉಸಿರನ್ನು ಮಾತ್ರ ಕಾಯದೆ ಈಗಲೇ ಎಣಿಸಿ.

## ಹಂತ 3: ಉಸಿರು

ಇದೊಂದನ್ನು ಚೆನ್ನಾಗಿ ಕಲಿತರೆ ಉಳಿದದ್ದು ಸುಲಭ.

ಕಿವಿರಿನ ಮುಚ್ಚಳ ಒಮ್ಮೆ ತೆರೆದು ಮುಚ್ಚಿದರೆ ಒಂದು ಉಸಿರು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿ. ಎಣಿಸಲಾಗದಷ್ಟು ವೇಗವಿದ್ದರೆ ನಿಧಾನಗತಿ ವಿಡಿಯೋ ತೆಗೆಯಿರಿ. ಊಟ ಹಾಕುವ ಮುಂಚೆ, ಮೀನು ಶಾಂತವಾಗಿರುವಾಗ ಎಣಿಸಬೇಕು. ನಿಮಿಷಕ್ಕೆ 100 ದಾಟಿದರೆ ಎಚ್ಚರಿಕೆ ಎಂಬುದು ಒರಟು ಲೆಕ್ಕ. ಸಣ್ಣ ಮೀನು ಹುಷಾರಿದ್ದಾಗಲೂ ಬೇಗ ಉಸಿರಾಡುತ್ತದೆ, ದೊಡ್ಡದು ನಿಧಾನ. ಹಾಗಾಗಿ ಪ್ರತಿ ಮೀನು ಆರಾಮಿರುವಾಗಲೇ ಅದರ ಅಂಕಿಯನ್ನು ವಹಿಯಲ್ಲಿ ಬರೆದಿಡಿ. ಅದು ಇಲ್ಲದಿದ್ದರೆ ಟ್ಯಾಂಕಿನಲ್ಲಿ ಅದೇ ಜಾತಿಯ, ಅದೇ ಗಾತ್ರದ ಇನ್ನೊಂದರ ಜೊತೆ ಹೋಲಿಸಿ.

ಉಸಿರು ಜೋರಿದೆ ಎಂದು ಖಾತ್ರಿಯಾದ ಮೇಲೆ ಒಂದು ಪರೀಕ್ಷೆ. ವೇವ್‌ಮೇಕರನ್ನು ನೀರಿನ ಮೇಲ್ಮೈ ಕಡೆ ತಿರುಗಿಸಿ, ಏರ್ ಸ್ಟೋನ್ ಹೆಚ್ಚುವರಿ ಹಾಕಿ, ಒಂದು ಗಂಟೆ ಬಿಡಿ. ಉಸಿರು ಇಳಿದರೆ ಆಮ್ಲಜನಕದ ಕೊರತೆಯಿತ್ತು. ಇಳಿಯದಿದ್ದರೆ ತೊಂದರೆ ಕಿವಿರಿನಲ್ಲೇ ಇದೆ: ಪರಾವಲಂಬಿ ಕೂತಿದೆ, ಇಲ್ಲವೇ ಅಮೋನಿಯಾ ಸುಟ್ಟಿದೆ.

ಮೀನು ಎಲ್ಲಿ ನಿಂತು ಉಸಿರಾಡುತ್ತಿದೆ ಎಂಬುದೂ ಮುಖ್ಯ. ಎಲ್ಲ ಮೀನೂ ಮೇಲ್ಮೈಯಲ್ಲಿದ್ದರೆ ಆಮ್ಲಜನಕದ ಕೊರತೆ. ಒಂದೆರಡು ಮೀನು ವೇವ್‌ಮೇಕರಿನ ರಭಸಕ್ಕೆ ಮುಖವೊಡ್ಡಿ ಅಲ್ಲೇ ನಿಂತು, ಬೆಳಕು ಹಾಕಿದರೆ ಕತ್ತಲೆಗೆ ಸರಿದರೆ, ವೆಲ್ವೆಟ್ ಎಂಬ ಪರಾವಲಂಬಿ ರೋಗ (ವಿವರ ಹಂತ 5ರಲ್ಲಿ) ಎಂದು ಶಂಕಿಸಿ. ಚರ್ಮ ಎಷ್ಟೇ ಶುಭ್ರವಾಗಿ ಕಂಡರೂ ಸರಿ, ಅಂದೇ ಖಾಲಿ ಟ್ಯಾಂಕಿಗೆ ನೀರು ತುಂಬಿಸಿ. ಒಂದೇ ಕಡೆಯ ಕಿವಿರು ಆಡುತ್ತಿದ್ದು ಇನ್ನೊಂದು ಮುಚ್ಚಿಕೊಂಡಿದ್ದರೆ ಫ್ಲೂಕ್ ಎಂಬ ಚಪ್ಪಟೆ ಪರಾವಲಂಬಿ ಹುಳುವೋ ಗಾಯವೋ ಇರಬಹುದು.

ಹೊಸ ಮೀನಿನ ವಿಷಯ ಬೇರೆ. ನಮ್ಮೂರಿಗೆ ಮೀನು ಬರುವುದು ರೈಲಿನಲ್ಲೋ ಬಸ್ಸಿನ ಪಾರ್ಸೆಲ್ಲಿನಲ್ಲೋ, ಇಡೀ ರಾತ್ರಿ ಚೀಲದೊಳಗೆ. ಚೀಲದ ನೀರಿನಲ್ಲಿ ಅಮೋನಿಯಾ ಸೇರಿರುತ್ತದೆ. ಜೊತೆಗೆ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವುದರಿಂದ ಆ ಅಮೋನಿಯಾ ಅಷ್ಟು ಸುಡುವುದಿಲ್ಲ. ಚೀಲ ಬಿಚ್ಚಿದೊಡನೆ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ಬಿಚ್ಚಿದ ಚೀಲಕ್ಕೆ ಎರಡು ಗಂಟೆ ಹನಿ ಹನಿ ನೀರು ಬಿಡುತ್ತ ಕೂತವರ ಮೀನಿನ ಕಿವಿರು ಸುಟ್ಟು, ಮರುದಿನ ಏದುಸಿರು ಬಿಡುತ್ತದೆ. ಅದಕ್ಕೆ ತಾಮ್ರ ಹಾಕಿದರೆ ಗಾಯದ ಮೇಲೆ ಬರೆ ಎಳೆದಂತೆ. ಶುದ್ಧ ನೀರು, ಮಂದ ಬೆಳಕು, ಹೆಚ್ಚು ಗಾಳಿ, ಇಷ್ಟೇ ಅದರ ಚಿಕಿತ್ಸೆ.

## ಹಂತ 4: ನಡವಳಿಕೆ

ಮೊದಲು ರೋಗವಲ್ಲದ್ದನ್ನು ಬದಿಗಿಡೋಣ. ಸಣ್ಣ ಕ್ಲೌನ್ ದೊಡ್ಡದರ ಎದುರು ಅಡ್ಡವಾಗಿ ನಡುಗುತ್ತದೆ. ಅದು ಹೆಣ್ಣಿಗೆ ತಗ್ಗುವ ರೀತಿ, ಫಿಟ್ಸ್ ಅಲ್ಲ. ಬ್ಲೂ ಟ್ಯಾಂಗ್ ಮೀನು ಕಲ್ಲಿನ ಸಂದಿನಲ್ಲಿ ಮಗ್ಗುಲಾಗಿ ಮಲಗಿ ಸತ್ತಂತೆ ನಟಿಸುತ್ತದೆ. ಫಾಕ್ಸ್‌ಫೇಸ್ ಹೆದರಿದರೆ ಮೈತುಂಬ ಕಂದು ಮಚ್ಚೆ ತರುತ್ತದೆ, ರಾತ್ರಿಯೂ ಹಾಗೆಯೇ. ಕೆಲವು ರಾಸ್ ಮೀನುಗಳು ಮರಳಿನಲ್ಲಿ ಹುದುಗಿ ನಿದ್ರೆ ಮಾಡುತ್ತವೆ, ಕೆಲವು ಲೋಳೆಯ ಗೂಡು ಕಟ್ಟಿಕೊಳ್ಳುತ್ತವೆ. ಲೈಟ್ ಹಾಕಿದ ಅರ್ಧ ಗಂಟೆಯೊಳಗೆ ಯಾವ ಮೀನಿನ ಬಣ್ಣದ ಬಗ್ಗೆಯೂ ತೀರ್ಮಾನ ಮಾಡಬೇಡಿ.

ಇನ್ನು ರೋಗದ ಲಕ್ಷಣಗಳು. ಮೈಯನ್ನು ಕಲ್ಲಿಗೆ, ಮರಳಿಗೆ ಉಜ್ಜಿಕೊಳ್ಳುವುದು, ತಲೆ ಕೊಡವುವುದು, ಆಗಾಗ ಆಕಳಿಸುವುದು ಪರಾವಲಂಬಿಯ ಗುರುತು. ಊಟ ಬಿಡುವುದು ಎಲ್ಲ ಕಾಯಿಲೆಗೂ ಸಮಾನವಾದ್ದರಿಂದ ಅದೊಂದರಿಂದ ಏನೂ ಪತ್ತೆಯಾಗದು. ಊಟ ಮಾಡುತ್ತಲೇ ಬೆನ್ನು ಕತ್ತಿಯಲಗಿನಂತೆ ತೆಳ್ಳಗಾಗುತ್ತಿದ್ದರೆ, ಮಲ ಬಿಳಿ ದಾರದಂತೆ ಜೋತಾಡುತ್ತಿದ್ದರೆ ಹೊಟ್ಟೆಯೊಳಗಿನ ಹುಳುವೋ ಏಕಕೋಶಿಯೋ ಇದೆ. ಹರಿದ ರೆಕ್ಕೆ, ಮೂಲೆಯಲ್ಲಿ ಅವಿತ ಮೀನು, ಅದರತ್ತ ಧಾವಿಸುವ ಇನ್ನೊಂದು ಕಂಡರೆ ಔಷಧದ ಮಾತೇ ಇಲ್ಲ; ಎರಡನ್ನೂ ಬೇರೆ ಮಾಡಿ. ಜಗಳಗಂಟ ಡ್ಯಾಮ್ಸೆಲ್ ಮೀನು ಸಾಕಿದವರಿಗೆ ಇದನ್ನು ಹೇಳಬೇಕಾಗಿಯೇ ಇಲ್ಲ.

## ಹಂತ 5: ಚರ್ಮ, ಕಣ್ಣು, ರೆಕ್ಕೆ

ಟ್ಯಾಂಕಿನ ನೀಲಿ ಬೆಳಕು ಆರಿಸಿ. ನೀಲಿಯಲ್ಲಿ ಚುಕ್ಕೆಯೂ ಹೊಳೆಯುತ್ತದೆ, ಗಾಳಿಗುಳ್ಳೆಯೂ ಹೊಳೆಯುತ್ತದೆ. ಕೋಣೆ ಕತ್ತಲು ಮಾಡಿ ಬಿಳಿ ಟಾರ್ಚನ್ನು ಪಕ್ಕದಿಂದ, ಮೇಲಿನಿಂದ ಓರೆಯಾಗಿ ಬಿಡಿ. ವೇವ್‌ಮೇಕರ್ ಎರಡು ನಿಮಿಷ ನಿಲ್ಲಿಸಿ ನೋಡಿ: ಗುಳ್ಳೆಯಾದರೆ ಹೋಗುತ್ತದೆ, ಮರಳಿನ ಕಣವಾದರೆ ಉದುರುತ್ತದೆ.

ಉಪ್ಪಿನ ಹರಳಿನಷ್ಟು ಬಿಳಿ ಚುಕ್ಕೆ, ಎಣಿಸಬಹುದಾದಷ್ಟು. ಇದು ವೈಟ್ ಸ್ಪಾಟ್, ಕ್ರಿಪ್ಟೋಕ್ಯಾರಿಯಾನ್. ಚುಕ್ಕೆ ಮೂರರಿಂದ ಏಳು ದಿನ ಮೀನಿನ ಮೇಲಿದ್ದು, ಹೆಚ್ಚಾಗಿ ಕತ್ತಲಲ್ಲಿ ಉದುರಿ, ಕಲ್ಲು ಮರಳಿನ ಮೇಲೆ ಕೂತು ಒಡೆದು, ನೂರಾರು ಮರಿಗಳಾಗಿ ಮತ್ತೆ ಮೀನನ್ನು ಹುಡುಕುತ್ತದೆ. ಚುಕ್ಕೆ ಮಾಯವಾಯಿತೆಂದರೆ ವಾಸಿಯಾಯಿತೆಂದಲ್ಲ. ಅತಿ ಹೆಚ್ಚು ಜನ ಮೋಸ ಹೋಗುವುದು ಇಲ್ಲಿಯೇ: ಬೆಳ್ಳುಳ್ಳಿ ರಸ ಹಾಕಿದೆ, ಮೂರು ದಿನಕ್ಕೆ ಹೋಯಿತು ಎನ್ನುತ್ತಾರೆ. ಏನೂ ಹಾಕದಿದ್ದರೂ ಹೋಗುತ್ತಿತ್ತು, ವಾರ ಹತ್ತು ದಿನದಲ್ಲಿ ದುಪ್ಪಟ್ಟಾಗಿ ಬರುತ್ತಿತ್ತು. ಪ್ರತಿದಿನ ಒಂದೇ ಹೊತ್ತಿಗೆ ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ. ಚುಕ್ಕೆಗಳು ಜಾಗ ಬದಲಿಸುತ್ತಿದ್ದರೆ, ಏರಿಳಿಯುತ್ತಿದ್ದರೆ ಇದೇ.

ಎಣಿಸಲಾಗದ ಸಣ್ಣ ಪುಡಿ, ಓರೆ ಬೆಳಕಿನಲ್ಲಿ ತುಸು ಹೊನ್ನಿನ ಛಾಯೆ. ವೆಲ್ವೆಟ್, ಅಮೈಲೋಡಿನಿಯಂ. ಇದು ಕಾಣಿಸುವ ಮುಂಚೆ ಉಸಿರು ಏರಿರುತ್ತದೆ. ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಎರಡೇ ದಿನದಲ್ಲಿ ಟ್ಯಾಂಕನ್ನೇ ಖಾಲಿ ಮಾಡುತ್ತದೆ. ವೈಟ್ ಸ್ಪಾಟೋ ವೆಲ್ವೆಟ್ಟೋ ಎಂಬ ಅನುಮಾನವಿದ್ದು ಉಸಿರು ಜೋರಿದ್ದರೆ ವೆಲ್ವೆಟ್ ಎಂದೇ ತಿಳಿದು ನಡೆಯಿರಿ. ಎರಡಕ್ಕೂ ತಾಮ್ರವೇ ಔಷಧ, ಅವಸರದಲ್ಲಿ ಮಾತ್ರ ವ್ಯತ್ಯಾಸ.

ದಪ್ಪ ಲೋಳೆ, ಚರ್ಮ ಪದರಾಗಿ ಕಿತ್ತು ಬರುವುದು. ಕ್ಲೌನ್ ಮೀನಿನಲ್ಲಿ, ಅದರಲ್ಲೂ ಸಮುದ್ರದಿಂದ ಹಿಡಿದು ತಂದ ಹೊಸ ಕ್ಲೌನಿನಲ್ಲಿ ಹೀಗಾದರೆ ಬ್ರೂಕ್ಲಿನೆಲ್ಲಾ. ಬಣ್ಣ ಮಾಸಿ, ತಲೆಯಿಂದ ಬಾಲದವರೆಗೆ ಬೂದು ಪೊರೆ ಹೊದ್ದಂತೆ ಕಾಣುತ್ತದೆ. ತಾಮ್ರ ಇದಕ್ಕೆ ಕೆಲಸ ಮಾಡುವುದಿಲ್ಲ, ಫಾರ್ಮಾಲಿನ್ ಬೇಕು. "ವೈಟ್ ಸ್ಪಾಟ್ ಔಷಧ ಹಾಕಿದೆ, ಆದರೂ ಹೋಯ್ತು" ಎನ್ನುವ ಕ್ಲೌನ್ ಸಾವುಗಳ ಹಿಂದೆ ಆಗಾಗ ಇದೇ ಇರುತ್ತದೆ. ಫಾರ್ಮಾಲಿನ್ ಮನುಷ್ಯರಿಗೂ ವಿಷ: ಕೈಗವಸು, ತೆರೆದ ಕಿಟಕಿ, ಮಕ್ಕಳಿಂದ ದೂರ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಎಸೆಯಿರಿ. ಫಾರ್ಮಾಲಿನ್ ನೀರಿನ ಆಮ್ಲಜನಕವನ್ನೂ ಇಳಿಸುವುದರಿಂದ ಗಾಳಿ ಜೋರಾಗಿ ಬಿಡಲೇಬೇಕು.

ಮಗ್ಗುಲಲ್ಲಿ ಕೆಂಪು ಹುಣ್ಣು. ಹಸಿರು ಕ್ರೋಮಿಸ್ ಮೀನಿನಲ್ಲಿ ಹುರುಪೆಯ ಅಡಿಯಿಂದ ರಕ್ತ ಹೆಪ್ಪುಗಟ್ಟಿದಂಥ ಮಚ್ಚೆ ಬಂದರೆ ಯುರೋನೀಮಾ ಶಂಕಿಸಿ. ಇದು ಒಳಮಾಂಸಕ್ಕೆ ಇಳಿಯುತ್ತದೆ, ಉಳಿಯುವ ಮೀನು ಕಡಿಮೆ. ಮೀನಿಲ್ಲದೆಯೂ ಟ್ಯಾಂಕಿನ ಕೊಳೆ ತಿಂದು ಬದುಕುವುದರಿಂದ ಟ್ಯಾಂಕ್ ಖಾಲಿ ಬಿಟ್ಟು ಓಡಿಸುವ ಉಪಾಯ ಇದಕ್ಕಿಲ್ಲ. ಬೇರೆ ಮೀನಿನಲ್ಲಿ ರೆಕ್ಕೆಯ ಬುಡ ಕೆಂಪಾಗಿ ಅಂಚು ಕೊಳೆಯುತ್ತಿದ್ದರೆ ಬ್ಯಾಕ್ಟೀರಿಯಾ.

ರೆಕ್ಕೆಯಂಚಿಗೆ ಹೂಕೋಸಿನಂಥ ಬಿಳಿ ಗಂಟು. ಲಿಂಫೋಸಿಸ್ಟಿಸ್, ವೈರಸ್. ಉಸಿರು ಸರಿ, ಊಟ ಸರಿ, ಗಂಟು ದಿನಗಟ್ಟಲೆ ಜಾಗ ಬಿಟ್ಟು ಕದಲದು. ಔಷಧ ಬೇಡ. ನೀರು ಚೆನ್ನಾಗಿಟ್ಟರೆ ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಉದುರುತ್ತದೆ. ಇದಕ್ಕೆ ತಾಮ್ರ ಹಾಕುವವರನ್ನು ತಡೆಯುವುದೇ ದೊಡ್ಡ ಕೆಲಸ.

ಕಣ್ಣು: ಒಂದೇ ಕಣ್ಣು ಉಬ್ಬಿದ್ದರೆ ಎಲ್ಲಿಗೋ ಬಡಿದುಕೊಂಡಿದೆ. ಎರಡೂ ಉಬ್ಬಿದ್ದರೆ ಒಳಗಿನ ಸೋಂಕು ಅಥವಾ ಟ್ಯಾಂಕಿನ ನೀರಿನ ತೊಂದರೆ. ಎರಡೂ ಕಣ್ಣು ಮಸುಕಾಗಿ ಮೈ ಉಜ್ಜುತ್ತಿದ್ದರೆ ಫ್ಲೂಕ್. ಟ್ಯಾಂಗ್ ಮುಖದ ಮೇಲೆ ನೋವಿಲ್ಲದ ಗುಳಿಗಳು ನಿಧಾನವಾಗಿ ಬೀಳುತ್ತಿದ್ದರೆ ಅಂಟುರೋಗವಲ್ಲ. ಆಹಾರಕ್ಕೆ ಕಡಲಪಾಚಿ ಸೇರಿಸಿ, ನೀರಿನ ಶುದ್ಧಿಗೆ ಕಾರ್ಬನ್ (ಇದ್ದಿಲು) ಬಳಸುತ್ತಿದ್ದರೆ ಅದರ ಪುಡಿ ನೀರಿಗೆ ಬರದಂತೆ ತೊಳೆಯಿರಿ ಅಥವಾ ತೆಗೆಯಿರಿ.

ಸಿಹಿನೀರಿನ ಅಂಗಡಿಯಲ್ಲಿ ಬಿಳಿ ಕಂಡದ್ದಕ್ಕೆಲ್ಲ "ಫಂಗಸ್" ಎನ್ನುತ್ತಾರೆ. ಉಪ್ಪುನೀರಿನ ಮೀನಿನ ಚರ್ಮಕ್ಕೆ ಫಂಗಸ್ ಬರುವುದು ಅಪರೂಪ. "ಒಂದು ಹಿಡಿ ಕಲ್ಲುಪ್ಪು ಹಾಕ್ರಿ" ಎಂಬ ಸಲಹೆಗೂ ಮರೈನ್ ಟ್ಯಾಂಕಿನಲ್ಲಿ ಅರ್ಥವಿಲ್ಲ.

## ಹಂತ 6: ಸಿಹಿನೀರಿನ ಸ್ನಾನ, ಪರೀಕ್ಷೆಗಾಗಿ

ಫ್ಲೂಕ್ ಹುಳು ಉಪ್ಪುನೀರಿನಲ್ಲಿ ಪಾರದರ್ಶಕ, ಮೀನಿನ ಮೇಲೆ ಕೂತಿದ್ದರೂ ಕಾಣದು. ಸಿಹಿನೀರು ತಾಗಿದರೆ ಬೆಳ್ಳಗಾಗಿ ಉದುರುತ್ತದೆ. ಅದಕ್ಕೇ ಈ ಪರೀಕ್ಷೆ.

ಕಪ್ಪು ತಳದ ಬಕೆಟ್ಟಿನಲ್ಲಿ ಆರ್‌ಒ ನೀರು ತೆಗೆದುಕೊಳ್ಳಿ. ಉಷ್ಣತೆ ಟ್ಯಾಂಕಿನದ್ದೇ ಇರಬೇಕು, ಅರ್ಧ ಡಿಗ್ರಿ ವ್ಯತ್ಯಾಸವೂ ಬೇಡ. ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕಿ ಪಿಎಚ್ ಅನ್ನು ಟ್ಯಾಂಕಿನ ಹತ್ತಿರಕ್ಕೆ ತನ್ನಿ. ಅರ್ಧ ಗಂಟೆ ಗಾಳಿ ಬಿಡಿ. ಆಮೇಲೆ ಮೀನನ್ನು ಡಬ್ಬಿಯಲ್ಲಿ ಹಿಡಿದು ಬಿಡಿ, ಗಡಿಯಾರ ನೋಡಿ. ಮೂರರಿಂದ ಐದು ನಿಮಿಷ ಸಾಕು. ಮೊದಲ ನಿಮಿಷ ಮೀನು ಮಗ್ಗುಲಾಗಿ ಬೀಳಬಹುದು, ಹೆಚ್ಚಾಗಿ ಅದು ಹೆದರಿಕೆ. ಉಸಿರೇ ನಿಂತಂತೆ ಕಂಡರೆ ತಕ್ಷಣ ತೆಗೆಯಿರಿ.

ತಳದಲ್ಲಿ ಎಳ್ಳಿನಷ್ಟು ಬಿಳಿ ಚಪ್ಪಟೆ ಚೂರುಗಳು ಕಂಡರೆ ಫ್ಲೂಕ್ ಖಚಿತ, ಅದಕ್ಕೆ ಪ್ರಾಜಿಕ್ವಾಂಟೆಲ್ ಎಂಬ ಜಂತುಹುಳುವಿನ ಔಷಧ. ಏನೂ ಕಾಣದಿದ್ದರೆ ಫ್ಲೂಕ್ ಇಲ್ಲವೇ ಇಲ್ಲ ಎನ್ನಲಾಗದು, ಕಿವಿರಿನೊಳಗಿನವು ಚಿಕ್ಕವು. ಈ ಸ್ನಾನದಿಂದ ವೈಟ್ ಸ್ಪಾಟ್ ಹೋಗುವುದಿಲ್ಲ, ಅದು ಚರ್ಮದ ಅಡಿ ಸೇರಿಕೊಂಡಿರುತ್ತದೆ. ಈಗಾಗಲೇ ತಳಕ್ಕೆ ಬಿದ್ದು ಒದ್ದಾಡುತ್ತಿರುವ ಮೀನಿಗೆ ಈ ಪರೀಕ್ಷೆ ಮಾಡಬೇಡಿ.

## ಹಂತ 7: ಮೀನು ಸತ್ತರೆ

ಎಸೆಯಬೇಡಿ, ಅದೂ ಒಂದು ಸಾಕ್ಷಿ. ಆದರೆ ಒಂದು ಗಂಟೆಯೊಳಗೆ ನೋಡಬೇಕು. ಪರಾವಲಂಬಿಗಳು ಸತ್ತ ಮೀನನ್ನು ಬೇಗ ಬಿಡುತ್ತವೆ, ಬೇಸಿಗೆಯಲ್ಲಿ ಕಿವಿರು ಇನ್ನೂ ಬೇಗ ಕೊಳೆಯುತ್ತದೆ. ರಾತ್ರಿ ಸತ್ತು ಬೆಳಗ್ಗೆ ಸಿಕ್ಕ ಮೀನಿನಿಂದ ಹೆಚ್ಚೇನೂ ತಿಳಿಯದು.

ಕಿವಿರಿನ ಮುಚ್ಚಳ ಕತ್ತರಿಸಿ ಬಣ್ಣ ನೋಡಿ. ಕಡುಗೆಂಪು ಆರೋಗ್ಯ, ಪೇಲವವಾಗಿದ್ದು ಲೋಳೆ ತುಂಬಿದ್ದರೆ ಪರಾವಲಂಬಿ ಅಥವಾ ಸುಟ್ಟ ಗಾಯ. ಸೂಕ್ಷ್ಮದರ್ಶಕ ಇದ್ದರೆ ಕಿವಿರಿನ ಒಂದು ಎಳೆ ಕತ್ತರಿಸಿ, ಟ್ಯಾಂಕಿನ ನೀರಿನ ಹನಿಯೊಂದಿಗೆ ಗಾಜಿನ ಮೇಲಿಟ್ಟು 40ರಿಂದ 100 ಪಟ್ಟು ಹಿಗ್ಗಿಸಿ. ಕದಲದೆ ಎಳೆಗೆ ಅಂಟಿಕೊಂಡ ಕಪ್ಪಗಿನ ದುಂಡು ಚೀಲಗಳು ವೆಲ್ವೆಟ್. ನಿಧಾನವಾಗಿ ಉರುಳುವ ದೊಡ್ಡ ದುಂಡು ಜೀವಿ ವೈಟ್ ಸ್ಪಾಟ್. ಕಾಲೇಜಿನ ಪ್ರಯೋಗಾಲಯದ ಸಾದಾ ಸೂಕ್ಷ್ಮದರ್ಶಕವೇ ಇದಕ್ಕೆ ಸಾಕು.

## ಹಂತ 8: ಮೀನನ್ನು ಬೇರೆ ಮಾಡುವುದು

ವೆಲ್ವೆಟ್, ಬ್ರೂಕ್ಲಿನೆಲ್ಲಾ ಶಂಕೆಯಿದ್ದರೆ ಅದೇ ದಿನ. ವೈಟ್ ಸ್ಪಾಟ್, ಫ್ಲೂಕ್ ಆದರೆ ಒಂದೆರಡು ದಿನ ನೋಡಿ ಖಾತ್ರಿ ಮಾಡಿಕೊಳ್ಳಲು ಸಮಯವಿದೆ. ಉಳಿದವಕ್ಕೆ ಓಟ ಬೇಡ.

ಔಷಧ ಎಂದೂ ದೊಡ್ಡ ಟ್ಯಾಂಕಿಗೆ ಹಾಕಬೇಡಿ. ತಾಮ್ರ ಸೀಗಡಿ, ಶಂಖದ ಹುಳುಗಳನ್ನು ಕೊಲ್ಲುತ್ತದೆ, ಕಲ್ಲು ಮರಳು ಅದನ್ನು ಹೀರಿಕೊಳ್ಳುವುದರಿಂದ ಪ್ರಮಾಣವೂ ನಿಲ್ಲುವುದಿಲ್ಲ. ಅಂಟುರೋಗವಾದರೆ ಕಾಯಿಲೆ ಬಿದ್ದದ್ದನ್ನಷ್ಟೇ ಅಲ್ಲ, ಎಲ್ಲ ಮೀನನ್ನೂ ತೆಗೆಯಬೇಕು. ವೈಟ್ ಸ್ಪಾಟ್ ಆದಮೇಲೆ ದೊಡ್ಡ ಟ್ಯಾಂಕನ್ನು ಮೀನಿಲ್ಲದೆ ಸುಮಾರು 76 ದಿನ ಬಿಡುವುದು ರೂಢಿ.

ಸಣ್ಣ ಟ್ಯಾಂಕಿನಲ್ಲಿ ಎರಡನೇ ದಿನದಿಂದಲೇ ಅಮೋನಿಯಾ ಏರಬಹುದು. ದಿನಾ ಅಳೆಯಿರಿ, ನೀರು ಬದಲಿಸಿ, ಬದಲಿಸಿದಷ್ಟಕ್ಕೆ ಔಷಧ ಲೆಕ್ಕ ಹಾಕಿ ಸೇರಿಸಿ. ಅಮೋನಿಯಾ ಕಟ್ಟಿಹಾಕುವ ದ್ರಾವಣಗಳನ್ನು ತಾಮ್ರದ ಜೊತೆ ಬೆರೆಸಬೇಡಿ, ತಾಮ್ರ ಇನ್ನಷ್ಟು ವಿಷವಾಗುತ್ತದೆ. ತಾಮ್ರದ ಔಷಧದಲ್ಲಿ ಎರಡು ಮೂರು ಬಗೆ ಇದ್ದು ಪ್ರತಿಯೊಂದರ ಪ್ರಮಾಣ ಬೇರೆ. ನಿಮ್ಮ ಬಾಟಲಿಯ ಮೇಲಿನದ್ದನ್ನೇ ಓದಿ, ಅದಕ್ಕೆ ಹೊಂದುವ ತಾಮ್ರದ ಟೆಸ್ಟ್ ಕಿಟ್ ಇಲ್ಲದೆ ಶುರು ಮಾಡಬೇಡಿ.

## ಬೇರೆಯವರನ್ನು ಕೇಳುವಾಗ

ಬೆಂಗಳೂರಿನ ಅನುಭವಿಯನ್ನೋ, ಮೀನು ಮಾರಿದವರನ್ನೋ ಕೇಳುವಾಗ ಹೀಗೆ ಬರೆಯಿರಿ:

"ಟ್ಯಾಂಕ್ 200 ಲೀಟರ್. ಬೆಳಗ್ಗೆ 27, ಮಧ್ಯಾಹ್ನ 29 ಡಿಗ್ರಿ. ಉಪ್ಪು 35. ಅಮೋನಿಯಾ, ನೈಟ್ರೈಟ್ ಸೊನ್ನೆ. ಯೆಲ್ಲೋ ಟ್ಯಾಂಗ್, ಉಸಿರು ಮೊದಲು 80 ಇದ್ದದ್ದು ಈಗ 130. ಗಾಳಿ ಹೆಚ್ಚಿಸಿದರೂ ಇಳಿದಿಲ್ಲ. ನಿನ್ನೆಯಿಂದ ಊಟ ಬಿಟ್ಟಿದೆ, ವೇವ್‌ಮೇಕರ್ ಮುಂದೆ ನಿಲ್ಲುತ್ತದೆ. ಸೀಗಡಿ ಆರಾಮ. ಹತ್ತು ದಿನದ ಹಿಂದೆ ಹೊಸ ಕ್ಲೌನ್ ಬಂತು. ಔಷಧ ಏನೂ ಹಾಕಿಲ್ಲ."

ಜೊತೆಗೆ ಬಿಳಿ ಬೆಳಕಿನ ಫೋಟೋ ಎರಡೂ ಮಗ್ಗುಲಿನದು, ಅರ್ಧ ನಿಮಿಷದ ವಿಡಿಯೋ. ಈಗಾಗಲೇ ಏನಾದರೂ ಹಾಕಿದ್ದರೆ ಮುಚ್ಚಿಡದೆ ಹೇಳಿ, ಎಷ್ಟು ಹಾಕಿದಿರಿ ಎಂಬುದನ್ನೂ.

ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಇರುವುದು ನಮ್ಮ ಬೀದರಿನ ನಂದಿನಗರದಲ್ಲೇ, ಅದರ ಮೀನುಗಾರಿಕೆ ಕಾಲೇಜು ಮಾತ್ರ ಮಂಗಳೂರಿನಲ್ಲಿ. ಬೀದರಿನಲ್ಲಾಗಲಿ ನಿಮ್ಮೂರಿನ ಕಾಲೇಜಿನಲ್ಲಾಗಲಿ ಸೂಕ್ಷ್ಮದರ್ಶಕದಡಿ ನೋಡಲು ಯಾರಾದರೂ ಒಪ್ಪುತ್ತಾರೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಒಪ್ಪಿದರೆ ಆಗಷ್ಟೇ ಸತ್ತ ಮೀನನ್ನು ಟ್ಯಾಂಕಿನದೇ ನೀರಿನ ಚೀಲದಲ್ಲಿ ಹಾಕಿ, ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಒಯ್ಯಿರಿ. ಫ್ರೀಜರಿನಲ್ಲಿ ಇಡಬೇಡಿ, ಹೆಪ್ಪುಗಟ್ಟಿ ಕರಗಿದ ಕಿವಿರಿನಲ್ಲಿ ನೋಡುವಂಥದ್ದು ಏನೂ ಉಳಿದಿರುವುದಿಲ್ಲ.